ಸಿ 43 ಕೊಳ್ಳಲೋ, ಸಿ 63 ಎಸ್‌ಗೆ ಹಣ ಹೊಂದಿಸಲೋ? ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಮುಂದಿನ ಚಕ್ರ ಕುಪ್ಪಳಿಸುತ್ತಿದೆ

ಯಾದವಗಿರಿ_205

ಎಲ್ಲರಿಗೂ ನಮಸ್ಕಾರ. ಮೂರು ತಿಂಗಳಿನಿಂದ ಹುಡುಕಿ ಹುಡುಕಿ ತಲೆ ಕೆಟ್ಟಿದೆ, ಆದ್ದರಿಂದ ನೇರವಾಗಿ ವಿಷಯಕ್ಕೆ ಬರುತ್ತೇನೆ. ಡಬ್ಲ್ಯೂ 205 ಪೀಳಿಗೆಯ ಮರ್ಸಿಡಿಸ್ ಸಿ ಕ್ಲಾಸ್ ಸೆಡಾನ್‌ನಲ್ಲಿ ಎರಡು ಹಳೆಯ ಕಾರುಗಳು ನನ್ನ ಕಣ್ಣಿಗೆ ಬಿದ್ದಿವೆ. ಒಂದು 2017ರ ಸಿ 43, ಇನ್ನೊಂದು 2016ರ ಸಿ 63 ಎಸ್. ಮನಸ್ಸಿನಲ್ಲಿ ಸಿ 43 ಎಂದೇ ತೀರ್ಮಾನವಾಗಿತ್ತು. ಕಳೆದ ಭಾನುವಾರ ಅದನ್ನು ಓಡಿಸಿ ನೋಡಿದೆ, ರಸ್ತೆಯ ಮೇಲೆ ಯಾವ ದೂರೂ ಇಲ್ಲ. ಆದರೆ ಸ್ಟೀರಿಂಗನ್ನು ಕೊನೆಯವರೆಗೆ ತಿರುಗಿಸಿ ಹಿಂದಕ್ಕೆ ತೆಗೆಯುವಾಗ, ಯಾರೋ ಕೆಳಗಿನಿಂದ ಸುತ್ತಿಗೆಯಲ್ಲಿ ಹೊಡೆದಂತೆ ಮುಂಭಾಗ ದಡ್ ದಡ್ ಎಂದು ಕುಪ್ಪಳಿಸಿತು. ಮಾರುವವರು "ಈ ಕಾರುಗಳೆಲ್ಲಾ ಹಿಂಗೇ ಸಾರ್" ಎಂದು ನಕ್ಕರು. ಆ ನಗು ನನಗೆ ಹಿಡಿಸಲಿಲ್ಲ.

ನಾಲ್ಕೂ ಚಕ್ರಗಳಿಗೆ ಶಕ್ತಿ ಹಂಚುವ 4ಮ್ಯಾಟಿಕ್ ವ್ಯವಸ್ಥೆಯೇ ಕೆಟ್ಟಿದೆಯೇ? ಹಾಗಿದ್ದರೆ ಹಿಂದಿನ ಚಕ್ರಗಳಿಂದ ಮಾತ್ರ ಓಡುವ ಸಿ 63 ಎಸ್‌ಗೇ ಸಾಲ ಮಾಡಿ ಹೋಗುವುದು ಒಳ್ಳೆಯದೇ? ಗುರುವಾರದೊಳಗೆ ಉತ್ತರ ಹೇಳಬೇಕಂತೆ.

ಬನ್ನಿಮಂಟಪದ_ಪಾನಾ

ಇದರಲ್ಲಿ ಯೋಚನೆ ಮಾಡುವುದಕ್ಕೆ ಏನೂ ಇಲ್ಲ, ಟ್ರಾನ್ಸ್‌ಫರ್ ಕೇಸ್ ಹೋಗಿದೆ. ಎಂಜಿನ್ನಿನ ಶಕ್ತಿಯನ್ನು ಮುಂದಕ್ಕೆ ಶೇ 31, ಹಿಂದಕ್ಕೆ ಶೇ 69 ಎಂದು ಹಂಚುವುದು ಅದೇ. ಅದರ ಎಣ್ಣೆಯನ್ನು ಬದಲಿಸದೆ ಓಡಿಸಿದವರ ಕಾರುಗಳು ಹೀಗೆಯೇ ತಿರುವಿನಲ್ಲಿ ಒದೆಯುತ್ತವೆ. ಎಣ್ಣೆ ಇಳಿಸಿ, ಬಿಳಿ ಬಟ್ಟೆಯ ಮೇಲೆ ಸುರಿದು ನೋಡಿ. ಲೋಹದ ಪುಡಿ ಹೊಳೆದರೆ ಆ ಕಾರಿಗೆ ಕೈಮುಗಿದು ಮನೆಗೆ ಬನ್ನಿ.

ಮಂಡ್ಯ_ವಿ8

ಸಿ 43 ಅನ್ನು ಬಿಟ್ಟುಬಿಡಿ ಸ್ವಾಮಿ. ಅದರ 3 ಲೀಟರಿನ ವಿ6 ಎಂಜಿನ್ 367 ಅಶ್ವಶಕ್ತಿ ಕೊಡುತ್ತದೆ, ನಿಂತಲ್ಲಿಂದ 100 ಕಿ.ಮೀ. ವೇಗ ಮುಟ್ಟಲು ಕಂಪನಿಯ ಲೆಕ್ಕದಲ್ಲಿ 4.7 ಸೆಕೆಂಡು. ಸಿ 63 ಎಸ್‌ನ 4 ಲೀಟರಿನ ವಿ8 ಎಂಜಿನ್ 510 ಅಶ್ವಶಕ್ತಿ, 700 ನ್ಯೂಟನ್ ಮೀಟರ್ ತಿರುಚುಬಲ ಕೊಟ್ಟು ಅದೇ ಕೆಲಸವನ್ನು 4.0 ಸೆಕೆಂಡಿಗೆ ಮುಗಿಸುತ್ತದೆ. ಮರ್ಸಿಡಿಸ್‌ನ ವೇಗದ ಕಾರುಗಳ ವಿಭಾಗವಾದ ಎಎಂಜಿಯ ಊರು, ಜರ್ಮನಿಯ ಅಫಾಲ್ಟರ್‌ಬಾಖ್‌ನಲ್ಲಿ ಒಬ್ಬನೇ ಕುಶಲಕರ್ಮಿ ಮೊದಲಿನಿಂದ ಕೊನೆಯವರೆಗೆ ಜೋಡಿಸಿ, ತನ್ನ ಸಹಿಯ ಫಲಕವನ್ನು ಎಂಜಿನ್ನಿನ ಮೇಲೆ ಹಾಕಿರುತ್ತಾನೆ. ಸಿ 43ರ ಮುಚ್ಚಳ ತೆಗೆದು ಹುಡುಕಿ, ಆ ಸಹಿ ನಿಮಗೆ ಸಿಗುವುದಿಲ್ಲ.

ನನ್ನ ಕಾರು ಕಬ್ಬಿನ ಟ್ರ್ಯಾಕ್ಟರಿನ ಪಕ್ಕದಲ್ಲಿಯೇ ನಿಲ್ಲುತ್ತದೆ. ಬೆಳಿಗ್ಗೆ ಅದನ್ನು ಶುರು ಮಾಡಿದರೆ ಕೊಟ್ಟಿಗೆಯ ಹಸುಗಳು ಕಿವಿ ನಿಮಿರಿಸುತ್ತವೆ. ನಾಲ್ಕು ವರ್ಷದಲ್ಲಿ ಎರಡು ಜೊತೆ ಹಿಂದಿನ ಟಯರು, ಒಮ್ಮೆ ಮುಂದಿನ ಬ್ರೇಕ್ ಡಿಸ್ಕ್ ಬಿಟ್ಟರೆ ಏನೂ ಕೇಳಿಲ್ಲ.

ಶ್ರೀರಂಗಪಟ್ಟಣ_ಬಿ58

ಮಂಡ್ಯದ ಗೌಡರೇ, ಆ 390 ಮಿ.ಮೀ. ಡಿಸ್ಕಿನ ಬೆಲೆಯನ್ನೂ ಬರೆದಿದ್ದರೆ ಕೇಳಿದವರಿಗೆ ಉಪಕಾರವಾಗುತ್ತಿತ್ತು. ಇಬ್ಬರೂ ಸುಮ್ಮನೆ ಹೊಡೆದಾಡುವ ಬದಲು ಬಿಎಂಡಬ್ಲ್ಯೂ ಎಂ340ಐ ನೋಡಬಾರದೇಕೆ? 2021ರಲ್ಲಿ ಬಂದದ್ದು, ಚೆನ್ನೈನಲ್ಲಿಯೇ ಜೋಡಣೆಯಾಗುತ್ತದೆ, 387 ಅಶ್ವಶಕ್ತಿ, 4.4 ಸೆಕೆಂಡು. ಜೊತೆಗೆ ಈಗಿನ ಪೆಟ್ರೋಲಿನಲ್ಲಿ ಶೇ 20 ಎಥನಾಲ್ ಇದೆ. ನೀವು ಹೇಳುತ್ತಿರುವ ಎರಡೂ ಕಾರುಗಳು ಶೇ 10ಕ್ಕೆ ತಯಾರಾದವು ಎಂಬುದನ್ನು ಮರೆಯಬೇಡಿ.

ಮಂಡ್ಯ_ವಿ8

ಎಥನಾಲ್ ಆಗುವುದು ನಮ್ಮ ಕಬ್ಬಿನಿಂದ, ಅದರ ಬಗ್ಗೆ ನಮಗೇ ಪಾಠ ಹೇಳುತ್ತೀರಾ? ನಾನು ಹೆಚ್ಚು ಆಕ್ಟೇನಿನ ಪೆಟ್ರೋಲನ್ನೇ ಹಾಕಿಸುತ್ತೇನೆ, ಕಾರು ಇದುವರೆಗೆ ಕೆಮ್ಮಿಲ್ಲ.

ಶ್ರೀರಂಗಪಟ್ಟಣ_ಬಿ58

ಆಕ್ಟೇನ್ ಬೇರೆ, ಎಥನಾಲ್ ಬೇರೆ. ಆಕ್ಟೇನ್ ಎಂದರೆ ಇಂಧನ ಹೊತ್ತಿಗೆ ಮೊದಲೇ ಸಿಡಿಯದೆ ತಾಳಿಕೊಳ್ಳುವ ಗುಣ. ಎಥನಾಲ್ ಚಿಂತೆ ಇರುವುದು ರಬ್ಬರ್ ಕೊಳವೆ, ಸೀಲುಗಳ ವಿಷಯದಲ್ಲಿ. ಕಬ್ಬು ಬೆಳೆದ ಮಾತ್ರಕ್ಕೆ ಸೀಲು ಬಾಳುವುದಿಲ್ಲ.

ಕುವೆಂಪುನಗರದ_ಮೇಷ್ಟ್ರು

ಪ್ರಶ್ನೆ ಕೇಳಿದವರು ಕುಪ್ಪಳಿಸುವ ಚಕ್ರದ ಬಗ್ಗೆ ಕೇಳಿದ್ದಾರೆ, ಪೆಟ್ರೋಲಿನ ಬಗ್ಗೆ ಅಲ್ಲ. ಅವರೂ ಹೇಳಬೇಕಾದದ್ದನ್ನು ಹೇಳಿಲ್ಲ. ಯಾದವಗಿರಿಯವರೇ, ಕಾರು ನಿಂತಿದ್ದ ನೆಲ ಎಂಥದ್ದು? ಎಷ್ಟು ಹೊತ್ತಿಗೆ ಓಡಿಸಿದಿರಿ, ಎಂಜಿನ್ ಬಿಸಿಯಾಗಿತ್ತೇ? ಮುಂದಕ್ಕೆ ತೆಗೆಯುವಾಗಲೂ ಒದೆಯುತ್ತದೆಯೇ, ಎಡಕ್ಕೂ ಬಲಕ್ಕೂ ಒಂದೇ ಸಮನೆಯೇ? ನೇರವಾಗಿ ಏರಿನಲ್ಲಿ ನಿಧಾನವಾಗಿ ಹತ್ತಿಸಿದಾಗ ನಡುಕವಿತ್ತೇ? ಎಲ್ಲಕ್ಕಿಂತ ಮುಖ್ಯವಾಗಿ, ಟಯರುಗಳು ಯಾವ ವರ್ಷದವು?

ಇನ್ನೊಂದು ಮಾತು. ಸಾಮಾನ್ಯ ಸಿ ಕ್ಲಾಸಿಗೆ ಎಎಂಜಿ ಬಂಪರು ಕಟ್ಟಿ, ಬೆನ್ನಿಗೆ 63 ಎಂದು ಅಂಟಿಸಿ ಮಾರುವವರಿದ್ದಾರೆ. ಆರ್‌ಸಿಯಲ್ಲಿರುವ ಚಾಸಿಸ್ ಸಂಖ್ಯೆಯಲ್ಲಿ ಮೊದಲ ಮೂರು ಅಕ್ಷರಗಳ ನಂತರ 205064 ಇದ್ದರೆ ಅದು ಸಿ 43 ಸೆಡಾನ್, 205087 ಇದ್ದರೆ ಸಿ 63 ಎಸ್ ಸೆಡಾನ್. ಬೇರೆ ಏನಾದರೂ ಇದ್ದರೆ ಈ ಚರ್ಚೆಯನ್ನು ಅಲ್ಲಿಗೇ ನಿಲ್ಲಿಸಬಹುದು.

ಬನ್ನಿಮಂಟಪದ_ಪಾನಾ

ಮೇಷ್ಟ್ರೇ, ಟಯರು ಕುಪ್ಪಳಿಸಿದರೆ ಇಷ್ಟು ಸದ್ದು ಬರುವುದಿಲ್ಲ. ಎಣ್ಣೆ ಇಳಿಸಿ ನೋಡಲಿ, ಎಲ್ಲವೂ ಗೊತ್ತಾಗುತ್ತದೆ.

ಯಾದವಗಿರಿ_205

ಇವನ್ನೆಲ್ಲ ಹೇಳಬೇಕೆಂದು ನನಗೆ ತೋಚಿರಲಿಲ್ಲ. ಕಾರು ಇದ್ದದ್ದು ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ, ನೆಲಕ್ಕೆ ನುಣುಪಾದ ಬಣ್ಣ ಬಳಿದಿದ್ದಾರೆ. ಬೆಳಿಗ್ಗೆ ಆರೂವರೆ, ಡಿಸೆಂಬರಿನ ಚಳಿ, ಶುರು ಮಾಡಿ ಒಂದು ನಿಮಿಷವೂ ಆಗಿರಲಿಲ್ಲ. ಎರಡೂ ಕಡೆಗೆ ಒದೆಯುತ್ತದೆ, ಮುಂದಕ್ಕೆ ಹೋಗುವಾಗ ಸ್ವಲ್ಪ ಕಡಿಮೆ. ಇಳಿಜಾರು ಹತ್ತಿ ಮೇಲೆ ಬಂದಾಗ ಕಾರು ಬೆಣ್ಣೆಯಂತೆ ಬಂತು. ಟಯರುಗಳು ಚೆನ್ನಾಗಿವೆ, ಗೆರೆಗಳು ಆಳವಾಗಿಯೇ ಇವೆ. ಚಾಸಿಸ್ ಸಂಖ್ಯೆಗಳು ಎರಡರಲ್ಲೂ ನೀವು ಹೇಳಿದಂತೆಯೇ ಇವೆ.

ಕುವೆಂಪುನಗರದ_ಮೇಷ್ಟ್ರು

ಗೆರೆಯ ಆಳ ವಯಸ್ಸನ್ನು ಹೇಳುವುದಿಲ್ಲ. ಟಯರಿನ ಪಕ್ಕದಲ್ಲಿ ಡಿಒಟಿ ಎಂಬ ಅಕ್ಷರಗಳಿಂದ ಶುರುವಾಗುವ ಸಾಲಿನ ಕೊನೆಯಲ್ಲಿ ನಾಲ್ಕು ಅಂಕಿಗಳಿರುತ್ತವೆ, ಮೊದಲೆರಡು ವಾರ, ಕೊನೆಯೆರಡು ವರ್ಷ. ಅದು ಒಂದೇ ಬದಿಯಲ್ಲಿರುವುದರಿಂದ ಕೆಲವೊಮ್ಮೆ ಕಾರಿನ ಕೆಳಗೆ ಬಗ್ಗಿ ನೋಡಬೇಕಾಗುತ್ತದೆ. ನೋಡಿ ಬರೆಯಿರಿ.

ಯಾದವಗಿರಿ_205

ಸಂಜೆ ಹೋಗಿ ಬಂದೆ. ಮುಂದಿನ ಎರಡರಲ್ಲೂ 1417, ಹಿಂದಿನ ಎರಡರಲ್ಲಿ 3622. ಅಳತೆ ಮುಂದೆ 225/45 ಆರ್18, ಹಿಂದೆ 245/40 ಆರ್18. ಮುಂದಿನವು ಕಾರಿನ ಜೊತೆಗೇ ಬಂದವು ಎಂದಾಯಿತು.

ಕುವೆಂಪುನಗರದ_ಮೇಷ್ಟ್ರು

ಹಾಗಾದರೆ ನನ್ನ ಊಹೆ ಹೇಳುತ್ತೇನೆ. ಕಾರು ತಿರುಗುವಾಗ ಒಳಗಿನ ಚಕ್ರ ಚಿಕ್ಕ ವೃತ್ತದಲ್ಲಿ, ಹೊರಗಿನ ಚಕ್ರ ದೊಡ್ಡ ವೃತ್ತದಲ್ಲಿ ಹೋಗಬೇಕು, ಆದ್ದರಿಂದ ಒಳಗಿನದು ಹೆಚ್ಚು ಓರೆಯಾಗಬೇಕು. ಸ್ಟೀರಿಂಗನ್ನು ಕೊನೆಯವರೆಗೆ ತಿರುಗಿಸಿದಾಗ ಈ ಲೆಕ್ಕ ಪೂರ್ತಿ ಕೂಡಿಬರುವುದಿಲ್ಲ, ಒಂದು ಚಕ್ರ ಉರುಳುವುದರ ಜೊತೆಗೆ ಅಡ್ಡಡ್ಡ ಎಳೆಯಲ್ಪಡುತ್ತದೆ. ಮೆದುವಾದ ರಬ್ಬರು ಸದ್ದಿಲ್ಲದೆ ಜಾರಿಕೊಳ್ಳುತ್ತದೆ. ಗಟ್ಟಿಯಾದದ್ದು ನೆಲ ಕಚ್ಚಿ, ಬಾಗಿ, ತಾಳಲಾರದೆ ಬಿಟ್ಟು, ಮತ್ತೆ ಕಚ್ಚುತ್ತದೆ. ಸೀಮೆಸುಣ್ಣವನ್ನು ಹಲಗೆಯ ಮೇಲೆ ಓರೆಯಾಗಿ ಹಿಡಿದು ಮುಂದಕ್ಕೆ ದೂಡಿದರೆ ಗೆರೆ ಬರುವುದಿಲ್ಲ, ಚುಕ್ಕಿಗಳು ಬರುತ್ತವೆ. ಮೂವತ್ತು ವರ್ಷ ಚುಕ್ಕಿ ಗೆರೆಯನ್ನು ನಾನು ಹಾಗೆಯೇ ಎಳೆದೆ, ನಿಮ್ಮ ಕಾರು ಮಾಡುತ್ತಿರುವುದೂ ಅದನ್ನೇ. ಅಗಲವಾದ, ಪಕ್ಕದ ಗೋಡೆ ಗಿಡ್ಡವಾದ ಬೇಸಿಗೆ ಟಯರುಗಳಲ್ಲಿ ಇದು ಹೆಚ್ಚು, ಚಳಿಯಲ್ಲಿ ಇನ್ನೂ ಹೆಚ್ಚು. ವರ್ಷಗಟ್ಟಲೆ ನಿಂತು ಗಟ್ಟಿಯಾದ 2017ರ ರಬ್ಬರಿಗೆ ಮೈಸೂರಿನ ಡಿಸೆಂಬರಿನ ಬೆಳಗ್ಗೆಯೇ ಸಾಕು.

ಪರೀಕ್ಷೆ ಸುಲಭ. ಅದೇ ಕಾರನ್ನು ಮಧ್ಯಾಹ್ನ ಹತ್ತು ಕಿ.ಮೀ. ಓಡಿಸಿ ಬಂದು, ಮೊದಲು ಅದೇ ನೆಲಮಾಳಿಗೆಯಲ್ಲಿ, ನಂತರ ಜಲ್ಲಿ ಹರಡಿದ ಜಾಗದಲ್ಲಿ ಪೂರ್ತಿ ತಿರುಗಿಸಿ ನೋಡಿ. ಗೇರ್‌ಬಾಕ್ಸು ಕೆಟ್ಟಿದ್ದರೆ ನೇರವಾಗಿ ತೆವಳುವಾಗಲೂ, ವೇಗ ಹಿಡಿಯುವಾಗಲೂ ಅದು ಏನಾದರೊಂದು ಗುಟ್ಟು ಬಿಟ್ಟುಕೊಡುತ್ತದೆ. ದೋಷದ ಸಂಕೇತಗಳನ್ನು ಸ್ಕ್ಯಾನರಿನಲ್ಲಿ ಓದಿಸುವುದನ್ನೂ ಮರೆಯಬೇಡಿ.

ಬನ್ನಿಮಂಟಪದ_ಪಾನಾ

ಒಪ್ಪಿದೆ ಎಂದುಕೊಳ್ಳಿ. ಆದರೆ ಮುಂದೆ ಒಂದು ಕಾಲದ ಟಯರು, ಹಿಂದೆ ಇನ್ನೊಂದು ಕಾಲದ ಟಯರು ಹಾಕಿಕೊಂಡು 4ಮ್ಯಾಟಿಕ್ ಓಡಿಸಿದರೆ ಟ್ರಾನ್ಸ್‌ಫರ್ ಕೇಸಿಗೆ ಏಟು ಬೀಳುವುದಿಲ್ಲವೇ?

ಕುವೆಂಪುನಗರದ_ಮೇಷ್ಟ್ರು

ಈ ಮಾತಿನಲ್ಲಿ ನಿಜವಿದೆ. ಈ ಎರಡು ಅಳತೆಗಳ ವ್ಯಾಸದಲ್ಲಿ ಹೊಸದರಲ್ಲಿಯೇ ಸುಮಾರು 6 ಮಿ.ಮೀ. ವ್ಯತ್ಯಾಸವಿದೆ, ಅದನ್ನು ಲೆಕ್ಕಕ್ಕೆ ತೆಗೆದುಕೊಂಡೇ ಕಾರನ್ನು ಮಾಡಿರುತ್ತಾರೆ. ಹಿಂದಿನ ಗೆರೆ 8ರಿಂದ 3 ಮಿ.ಮೀ.ಗೆ ಸವೆದರೆ ಮತ್ತೆ 10 ಮಿ.ಮೀ. ಸೇರಿ, ಮುಂದಿನ ಹಿಂದಿನ ಚಕ್ರಗಳು ದಿನವಿಡೀ ಬೇರೆ ಬೇರೆ ವೇಗದಲ್ಲಿ ಸುತ್ತಬೇಕಾಗುತ್ತದೆ. ಆದ್ದರಿಂದಲೇ ಎರಡನ್ನಲ್ಲ, ನಾಲ್ಕನ್ನೂ ಒಟ್ಟಿಗೆ ಬದಲಿಸಬೇಕು ಎನ್ನುತ್ತೇನೆ. ಎಣ್ಣೆ ಬದಲಿಸಿದರೂ ನಷ್ಟವಿಲ್ಲ.

ಗೌಡರೇ, ನಿಮ್ಮ ಸಿ 63 ಎಸ್ ಬೆಳಗಿನ ಚಳಿಯಲ್ಲಿ ಪೂರ್ತಿ ತಿರುಗಿಸಿದರೆ ಏನು ಮಾಡುತ್ತದೆ, ನಿಜ ಹೇಳಿ.

ಮಂಡ್ಯ_ವಿ8

ಕೇಳಿದಿರಿ ಎಂದು ಹೇಳುತ್ತೇನೆ. ಅದೂ ಒಮ್ಮೊಮ್ಮೆ ಕುಪ್ಪಳಿಸುತ್ತದೆ. ಕಲ್ಯಾಣ ಮಂಟಪದ ಗ್ರಾನೈಟ್ ಹಾಸಿನ ಮೇಲೆ ಒಮ್ಮೆ ಜನ ತಿರುಗಿ ನೋಡಿದ್ದರು. ನಾನು ಅದು ಹಿಂದಿನ ಎರಡು ಚಕ್ರಗಳಿಗೆ ಶಕ್ತಿ ಹಂಚುವ ಲಾಕಿಂಗ್ ಡಿಫರೆನ್ಷಿಯಲ್ಲಿನ ಗತ್ತು ಎಂದುಕೊಂಡಿದ್ದೆ.

ಶ್ರೀರಂಗಪಟ್ಟಣ_ಬಿ58

ಮುಂದಿನ ಚಕ್ರದ ಸದ್ದಿಗೆ ಹಿಂದಿನ ಡಿಫರೆನ್ಷಿಯಲ್ ಹೊಣೆಯೇ? ಒಳ್ಳೆಯದಾಯಿತು. ಅಲ್ಲಿಗೆ 4ಮ್ಯಾಟಿಕ್ ಬೇಡವೆಂಬ ಕಾರಣಕ್ಕೆ ಸಿ 63 ಎಸ್ ಕೊಳ್ಳುವ ವಾದ ಬಿದ್ದುಹೋಯಿತು.

ಯಾದವಗಿರಿ_205

ಮೇಷ್ಟ್ರು ಹೇಳಿದಂತೆ ಮಾಡಿದೆ. ಮಧ್ಯಾಹ್ನ ನೆಲಮಾಳಿಗೆಯಲ್ಲಿ ಕುಪ್ಪಳಿಕೆ ಅರ್ಧಕ್ಕೆ ಇಳಿದಿತ್ತು, ಜಲ್ಲಿಯ ಮೇಲೆ ಇರಲೇ ಇಲ್ಲ. ಸ್ಕ್ಯಾನರಿನಲ್ಲಿ ಗೇರ್‌ಬಾಕ್ಸಿಗೆ ಸಂಬಂಧಿಸಿದ ಯಾವ ಸಂಕೇತವೂ ಇಲ್ಲ. ಆದರೂ ಸಿ 63 ಎಸ್ ಮನಸ್ಸಿನಿಂದ ಹೋಗುತ್ತಿಲ್ಲ. ಅದನ್ನೂ ಓಡಿಸಿದೆ, ಆ ಸದ್ದಿಗೆ ಬೆಲೆ ಕಟ್ಟಲಾಗುವುದಿಲ್ಲ. ಅಂದ ಹಾಗೆ ಅದು ಎಂಎಚ್ ನೋಂದಣಿಯ ಕಾರು, ಸಿ 43 ನಮ್ಮ ಕೆಎ 09. ಅದರಿಂದ ಏನಾದರೂ ವ್ಯತ್ಯಾಸವಾಗುತ್ತದೆಯೇ? ನಾನು ದಿನಾ ಮಂಡ್ಯಕ್ಕೆ ಹೋಗಿಬರಬೇಕು, ವಾರಕ್ಕೊಮ್ಮೆ ಅಪ್ಪನನ್ನು ಮಂಡಿ ಚಿಕಿತ್ಸೆಗೆ ಕರೆದುಕೊಂಡು ಹೋಗಬೇಕು.

ಕುವೆಂಪುನಗರದ_ಮೇಷ್ಟ್ರು

ಇದನ್ನು ಮೊದಲ ದಿನವೇ ಬರೆದಿದ್ದರೆ ನಾವು ಇಷ್ಟು ದೂರ ಬರುತ್ತಿರಲಿಲ್ಲ. ಹೊರರಾಜ್ಯದ ಕಾರನ್ನು ಇಲ್ಲಿಗೆ ತಂದರೆ ಅಲ್ಲಿಯ ಆರ್‌ಟಿಒದಿಂದ ನಮೂನೆ 28ರಲ್ಲಿ ಎನ್‌ಒಸಿ ತರಬೇಕು, ಆಮೇಲೆ ಕರ್ನಾಟಕದ ಜೀವಾವಧಿ ತೆರಿಗೆ ಕಟ್ಟಬೇಕು. ಆ ತೆರಿಗೆಗೆ ಆಧಾರ ನೀವು ಈಗ ಕೊಡುವ ಬೆಲೆಯಲ್ಲ, ಕಾರು ಹೊಸದಾಗಿದ್ದಾಗಿನ ಬೆಲೆ. ವಯಸ್ಸಿಗೆ ತಕ್ಕಂತೆ ರಿಯಾಯಿತಿ ಇದೆಯೆನ್ನಿ. ಆದರೆ 2015ರಲ್ಲಿ ಸಿ 63 ಎಸ್ ಇಲ್ಲಿಗೆ ಬಂದಾಗ ಶೋರೂಂ ಬೆಲೆಯೇ 1.30 ಕೋಟಿ ರೂಪಾಯಿ, ದುಬಾರಿ ಕಾರುಗಳಿಗೆ ನಮ್ಮಲ್ಲಿ ತೆರಿಗೆ ದರ ಶೇ 18. ಇಳಿದ ಮೇಲೂ ಉಳಿಯುವ ಮೊತ್ತದಲ್ಲಿ ಸಿ 43ಕ್ಕೆ ನಾಲ್ಕು ಹೊಸ ಟಯರು ಬಂದು ಇನ್ನೂ ಬಹಳ ಮಿಗುತ್ತದೆ. ಮುಂಗಡ ಕೊಡುವ ಮುನ್ನ ಆರ್‌ಟಿಒ ಕಚೇರಿಯಲ್ಲಿ ಲೆಕ್ಕ ಹಾಕಿಸಿಕೊಳ್ಳಿ.

ಉಳಿದದ್ದು ರಸ್ತೆ. ಮೈಸೂರು–ಬೆಂಗಳೂರು ಹೆದ್ದಾರಿಯಲ್ಲಿ ವೇಗದ ಮಿತಿ 100 ಕಿ.ಮೀ., ಮೇಲೆ ಕ್ಯಾಮೆರಾಗಳ ಕಾವಲು. ಆ 0.7 ಸೆಕೆಂಡಿನ ಲಾಭ ನಿಮಗೆ ದಿನಕ್ಕೆ ಎರಡು ಬಾರಿ, ಟೋಲ್ ದಾಟಿದ ಮೇಲೆ ಸಿಗುತ್ತದೆ. ಮಳೆಗಾಲದಲ್ಲಿ ಹಿಂದಿನ ಎರಡು ಚಕ್ರಗಳಿಗೆ 700 ನ್ಯೂಟನ್ ಮೀಟರ್ ಬಲ ಬಂದಾಗ ಅದೂ ಸಿಗುವುದಿಲ್ಲ. ಸಿ 63 ಎಸ್‌ನ ಏಳು ಗೇರಿನ ಗೇರ್‌ಬಾಕ್ಸಿನಲ್ಲಿ, ಎಂಜಿನ್ನಿನ ಶಕ್ತಿಯನ್ನು ಎಣ್ಣೆಯ ಮೂಲಕ ನಯವಾಗಿ ದಾಟಿಸುವ ಟಾರ್ಕ್ ಕನ್ವರ್ಟರ್ ಇಲ್ಲ, ಎಣ್ಣೆಯಲ್ಲಿ ಮುಳುಗಿದ ಕ್ಲಚ್ ಇದೆ. ಸಿಗ್ನಲ್ಲಿನಲ್ಲಿ ಇಂಚಿಂಚು ತೆವಳುವಾಗ ಸಿ 43ರ ನಯ ಅದಕ್ಕಿಲ್ಲ. ಸಸ್ಪೆನ್ಷನ್ ಗಟ್ಟಿ, ಟಯರಿನ ಪಕ್ಕದ ಗೋಡೆ ಗಿಡ್ಡ, ಹಳ್ಳಿಯ ಪ್ರತಿಯೊಂದು ಹಂಪೂ ನಿಮ್ಮ ತಂದೆಯ ಮಂಡಿಗೆ ತಿಳಿಯುತ್ತದೆ. ಎರಡನೆಯ ಕಾರಾಗಿ ಮನೆಯಲ್ಲಿದ್ದರೆ ನಾನೂ ಸಿ 63 ಎಸ್ ಎನ್ನುತ್ತಿದ್ದೆ. ಇರುವ ಒಂದೇ ಕಾರಾಗಿ ಸಿ 43.

ಮಂಡ್ಯ_ವಿ8

ಮನೆಯವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಲು ನಾನೂ ಇನ್ನೋವಾವನ್ನೇ ತೆಗೆಯುತ್ತೇನೆ, ಅದನ್ನು ಮೊದಲೇ ಬರೆಯಬೇಕಿತ್ತು. ಪಟ್ಟಣದೊಳಗೆ ಲೀಟರಿಗೆ 5 ಕಿ.ಮೀ. ದಾಟಿದರೆ ನನ್ನ ಪುಣ್ಯ. ಸಿ 63 ಎಸ್‌ನ ಎಂಜಿನ್ನನ್ನು ಹೊತ್ತು ನಿಲ್ಲಿಸುವ ಮೌಂಟುಗಳು ಸಾಮಾನ್ಯ ರಬ್ಬರಿನವಲ್ಲ, ಗಡಸುತನ ತಾನಾಗಿ ಬದಲಾಗುವಂಥವು. ಬದಲಿಸಬೇಕಾಗಿ ಬಂದರೆ ಬೆಲೆ ಕೇಳುವ ಮುನ್ನ ಕುಳಿತುಕೊಳ್ಳಿ.

ಯಾದವಗಿರಿ_205

ಗುರುವಾರ ಕಳೆಯಿತು, ಕಾರು ಇನ್ನೂ ಅಲ್ಲೇ ಇದೆ. ಸಿ 43ಕ್ಕೆ ಷರತ್ತಿನ ಮೇಲೆ ಮುಂಗಡ ಕೊಡುತ್ತೇನೆ ಎಂದೆ. ನಾಲ್ಕು ಟಯರಿನ ಹಣ ಬಿಡಿ ಎಂದರೆ, ಹಿಂದಿನವು 2022ರವು, ಮುಂದಿನ ಎರಡಕ್ಕೆ ಮಾತ್ರ ಬಿಡುತ್ತೇವೆ ಎನ್ನುತ್ತಿದ್ದಾರೆ. ಹಿಂದಿನ ಗೆರೆಯ ಆಳ ಅಳೆದೆ, 4 ಮಿ.ಮೀ. ಇದೆ. ಸೋಮವಾರ ಮತ್ತೆ ಮಾತಿಗೆ ಕೂರುತ್ತಿದ್ದೇವೆ.

ಬನ್ನಿಮಂಟಪದ_ಪಾನಾ

4 ಮಿ.ಮೀ. ಎಂದರೆ ಆ ಜೊತೆಯ ಅರ್ಧ ಆಯಸ್ಸು ಮುಗಿದಿದೆ, ನಾಲ್ಕಕ್ಕೇ ಹಿಡಿದುಕೊಳ್ಳಿ. ಎರಡನೆಯ ಕೀಲಿ ಇದೆಯೇ ಎಂದು ಕೇಳಿ. ಕಾರು ಮನೆಗೆ ಬಂದ ದಿನವೇ ಟ್ರಾನ್ಸ್‌ಫರ್ ಕೇಸಿನ ಎಣ್ಣೆ ಇಳಿಸಿ. ಬಿಳಿ ಬಟ್ಟೆ ನಾನೇ ತರುತ್ತೇನೆ.