‘ಆಟ’, ‘ಸಡಿಲ’, ‘ತೆರಪು’: ಗ್ಯಾರೇಜಿನ ಮಾತುಗಳ ಬಗ್ಗೆ ಒಂದು ಪ್ರಶ್ನೆ

‘ಚಕ್ರದಲ್ಲಿ ಆಟ ಇದೆ’, ಅಂದರೆ ಜೋಡಣೆ ಬಿಗಿಯಾಗಿಲ್ಲದೆ ಚಕ್ರ ಅಲ್ಲಾಡುತ್ತದೆ, ಎಂದು ಬರೆದರೆ ನಿಮ್ಮ ಕಡೆಯವರಿಗೆ ಅರ್ಥವಾಗುತ್ತದಾ?

ನಮ್ಮ ತೀರ್ಥಹಳ್ಳಿ ಕಡೆ ಗ್ಯಾರೇಜುಗಳಲ್ಲಿ ಇದು ದಿನಾ ಕೇಳುವ ಮಾತು. ‘ಕಿಂಗ್‌ಪಿನ್ ಆಟ ಜಾಸ್ತಿ ಆಗಿದೆ ಮಾರಾಯ್ರೆ, ಬುಷ್ ಹೋಗಿದೆ’ ಅಂತಾರೆ. ಕಿಂಗ್‌ಪಿನ್ ಅಂದರೆ ಮುಂದಿನ ಚಕ್ರ ಎಡಬಲ ತಿರುಗಲು ಆಧಾರವಾದ ಪಿನ್, ಬುಷ್ ಅಂದರೆ ಅದು ಕೂರುವ ಲೋಹದ ಕೊಳವೆ. ನಾನೂ ಭಾವನೂ ಸೇರಿ ಮನೆಯಂಗಳದಲ್ಲೇ ಹಳೇ ಪ್ರೀಮಿಯರ್ ಪದ್ಮಿನಿ ಕಾರಿನ ಮುಂದಿನ ಸಸ್ಪೆನ್ಷನ್ (ಚಕ್ರವನ್ನು ಹಿಡಿದು ಕುಲುಕು ತಡೆಯುವ ಭಾಗ) ಬಿಚ್ಚಿ ಕಟ್ಟುತ್ತಿದ್ದೇವೆ. ಮುಂದೆ ಮಾಡುವವರಿಗೆ ಆಗಲಿ ಅಂತ ಕನ್ನಡದಲ್ಲೇ ಟಿಪ್ಪಣಿ ಬರೆದಿಡುತ್ತಿದ್ದೇನೆ. ಪ್ರಶ್ನೆ ಹುಟ್ಟಿದ್ದು ಅಲ್ಲಿ.

ಬಿಡಿಭಾಗಗಳ ಹೆಸರಿನ ತಕರಾರು ನನಗಿಲ್ಲ. ಕಿಂಗ್‌ಪಿನ್, ಬುಷ್, ಲೋವರ್ ಆರ್ಮ್ (ಚಕ್ರವನ್ನು ಗಾಡಿಗೆ ಜೋಡಿಸುವ ಕೆಳಗಿನ ತೋಳು) ಹಾಗೇ ಇರಲಿ. ಅಂಗಡಿಗೆ ಹೋದಾಗ ಅದನ್ನೇ ಕೇಳಬೇಕಲ್ವಾ? ಸಸ್ಪೆನ್ಷನ್‌ಗೂ ಬೇರೆ ಪದ ಬೇಡ. ಯಂತ್ರಾನುವಾದಕ್ಕೆ ಕೊಟ್ಟರೆ ‘ಅಮಾನತು’ ಅನ್ನುತ್ತದೆ, ಕಾರು ಲಂಚ ತಗೊಂಡು ಸಿಕ್ಕಿಬಿದ್ದ ಹಾಗೆ! ನನಗೆ ಬೇಕಿರುವುದು ಭಾಗಗಳ ಹೆಸರಲ್ಲ, ಅವುಗಳ ಸ್ಥಿತಿ ಹೇಳುವ ಮಾತು.

ಜಾಕ್ ಕೊಟ್ಟು, ಸ್ಟ್ಯಾಂಡ್ ಮೇಲೆ ಕೂರಿಸಿ, ಚಕ್ರವನ್ನು ಮೇಲೊಂದು ಕೈ ಕೆಳಗೊಂದು ಕೈ ಹಿಡಿದು ಅಲ್ಲಾಡಿಸಿ ನೋಡುತ್ತೇವೆ. ಟಕ್ ಟಕ್ ಅಂದರೆ ಆಟ ಇದೆ ಎಂದರ್ಥ. ಎಲ್ಲಿಂದ ಅಂತ ತಿಳಿಯಲು ‘ಭಾವ, ಬ್ರೇಕ್ ತುಳೀರಿ’ ಅನ್ನುತ್ತೇನೆ. ತುಳಿದ ಕೂಡಲೇ ಆಟ ನಿಂತರೆ ಅದು ಚಕ್ರದ ಬೇರಿಂಗಿನದು. ನಿಲ್ಲದಿದ್ದರೆ ಕಿಂಗ್‌ಪಿನ್ನಿನದೋ ಆರ್ಮ್ ತುದಿಯದೋ. ಎಡಕ್ಕೂ ಬಲಕ್ಕೂ ಕೈಯಿಟ್ಟು ಅಲ್ಲಾಡಿಸಿದಾಗ ಸಿಗುವ ಆಟ ಹೆಚ್ಚಾಗಿ ಸ್ಟೀರಿಂಗ್ ಜಾಯಿಂಟುಗಳದು.

ಇಲ್ಲಿ ‘ಸಡಿಲ’ ಅಂತ ಬರೆದರೆ ದಾರಿ ತಪ್ಪುತ್ತದೆ ಅನ್ನುವುದು ನನ್ನ ಅಭಿಪ್ರಾಯ. ಸಡಿಲವಾದದ್ದನ್ನು ಬಿಗಿ ಮಾಡಬಹುದು, ಪಾನಾ ಸಾಕು. ಕಿಂಗ್‌ಪಿನ್ನಿನ ಆಟಕ್ಕೆ ಕಾರಣ ಸವೆತ. ಎಷ್ಟು ತಿರುಪಿದರೂ ಹೋಗುವುದಿಲ್ಲ. ಹಳೇ ಬುಷ್ ತೆಗೆದು, ಹೊಸದನ್ನು ಒತ್ತಿ ಕೂರಿಸಿ, ಪಿನ್ನಿನ ಅಳತೆಗೆ ಸರಿಯಾಗಿ ರೀಮರ್ (ತೂತನ್ನು ಅಳತೆಗೆ ಕೊರೆದು ನುಣ್ಣಗೆ ಮಾಡುವ ಸಲಕರಣೆ) ಹಾಕಿಸಬೇಕು. ಆ ಒಂದು ಕೆಲಸಕ್ಕೆ ಶಿವಮೊಗ್ಗದ ಲೇತಿನವರೇ ಗತಿ.

‘ಸಡಿಲಿಸು’ ಮತ್ತು ‘ಬಿಚ್ಚು’ ಇವುಗಳನ್ನಂತೂ ಕಲಸಲೇಬಾರದು. ಪದ್ಮಿನಿಯ ಮುಂದಿನ ಸಸ್ಪೆನ್ಷನ್ನಿನಲ್ಲಿ ಸುರುಳಿ ಸ್ಪ್ರಿಂಗ್ ಅದುಮಿಕೊಂಡು ಕೂತಿರುತ್ತದೆ. ಅದನ್ನು ಸ್ಪ್ರಿಂಗ್ ಕಂಪ್ರೆಸರ್ ಹಾಕಿ ಅದುಮಿ ಹಿಡಿಯುವ ಮೊದಲು ‘ನಟ್ ಬಿಚ್ಚಿ’ ಎಂದು ಬರೆದು, ಓದಿದವರು ಹಾಗೇ ಮಾಡಿದರೆ ಸ್ಪ್ರಿಂಗ್ ಹಾರಿ ಕೈಕಾಲು ಮುರಿಯುತ್ತದೆ. ಹಾಗಾಗಿ ‘ಎರಡು ಸುತ್ತು ಸಡಿಲಿಸಿ, ಬಿಚ್ಚಬೇಡಿ’ ಎಂದೇ ಬರೆದಿದ್ದೇನೆ.

ಇನ್ನು ‘ಆಟ’ದ ಪದಚರ್ಚೆ. ಕೊಡಲಿಯ ಕಾವು ‘ಆಡ್ತದೆ’ ಅಂತ ನಮ್ಮಲ್ಲಿ ಮೊದಲಿಂದಲೂ ಹೇಳುತ್ತಾರೆ, ಬೆಣೆ ಹೊಡೆಯುತ್ತಾರೆ. ಹಾಗಾಗಿ ಇದನ್ನು ಇಂಗ್ಲಿಷಿನ ‘ಪ್ಲೇ’ಯಿಂದ ಎತ್ತಿಕೊಂಡದ್ದು ಅನ್ನಲು ನನಗೆ ಮನಸ್ಸಿಲ್ಲ. ಕ್ರಿಯಾಪದ ನಮ್ಮದೇ. ಆದರೆ ‘ಆಡುತ್ತದೆ’ ಹೋಗಿ ‘ಆಟ ಇದೆ’ ಎಂದು ನಾಮಪದವಾದದ್ದು ಗ್ಯಾರೇಜಿನಲ್ಲೋ, ಅದಕ್ಕೂ ಮೊದಲು ಬಡಗಿಗಳ, ಗಾಡಿ ಮಾಡುವವರ ಬಾಯಲ್ಲಿತ್ತೋ? ‘ಕೀಲೆಣ್ಣೆ’ ಅಂಥ ಮಾತು ಕೊಟ್ಟವರು ಇದಕ್ಕೂ ಏನೋ ಒಂದು ಇಟ್ಟುಕೊಂಡಿರಬೇಕು.

ಎರಡನೇ ತೊಡಕು: ಬೇಕೆಂದೇ ಬಿಡುವ ಆಟವೂ ಇದೆ. ಕ್ಲಚ್ ಪೆಡಲಿಗೆ ‘ಸ್ವಲ್ಪ ಆಟ ಬಿಡಿ’ ಅಂತಾರೆ, ಬಿಡದಿದ್ದರೆ ಕ್ಲಚ್ ಪ್ಲೇಟ್ ಜಾರಿ ಸವೆಯುತ್ತದೆ. ಒಂದೇ ಪದ ಒಂದು ಕಡೆ ರೋಗ, ಇನ್ನೊಂದು ಕಡೆ ಅಗತ್ಯ. ಗ್ಯಾರೇಜಿನಲ್ಲಿ ಎದುರಿಗೆ ನಿಂತು ಹೇಳುವಾಗ ತೊಂದರೆಯಿಲ್ಲ, ಕಾಗದದ ಮೇಲೆ ತೊಂದರೆ. ಬೇಕಾದ ಆಟಕ್ಕೆ ಸದ್ಯ ‘ತೆರಪು’ ಎಂದು ಹಾಕಿದ್ದೇನೆ. ಭಾವ ಒಪ್ಪುತ್ತಿಲ್ಲ, ‘ಬಿಡುವು’ ಅನ್ನಿ ಅಂತಾರೆ. ‘ಬಿಡುವು’ ಅಂದರೆ ಟೀ ಕುಡಿಯೋ ಹೊತ್ತು ಅಂದುಕೊಳ್ಳುತ್ತಾರೆ ಅಂತ ನನ್ನ ವಾದ.

ಹುಬ್ಬಳ್ಳಿ, ಕುಂದಾಪುರ, ಮೈಸೂರು ಕಡೆ ಮೆಕ್ಯಾನಿಕ್‌ಗಳು ಈ ಎರಡು ಬಗೆಯ ಆಟಕ್ಕೆ ಏನನ್ನುತ್ತಾರೆ? ಬಡಗಿ, ಕಮ್ಮಾರರ ಮನೆಯ ಮಾತು ಗೊತ್ತಿರುವವರು ಇದ್ದರೆ ವಾಕ್ಯದಲ್ಲೇ ಬಳಸಿ ತೋರಿಸಿ. ಬರೀ ಪದ ಕೊಟ್ಟರೆ ಎಲ್ಲಿ ಕೂರಿಸಬೇಕು ಅಂತ ಗೊತ್ತಾಗುವುದಿಲ್ಲ.