ಬಾಣಂತನಕ್ಕೆ ಬಂದೆ ಎಂದರು ಅಮ್ಮ

ಅಪ್ಪ ಅಮ್ಮನನ್ನು ಅಮೆರಿಕಕ್ಕೆ ಕರೆಸಿಕೊಳ್ಳುವಾಗ ವಲಸೆ ಅಧಿಕಾರಿಯ ಮುಂದೆ ಅವರಿಂದ ಏನು ಹೇಳಿಸಬೇಕು ಎಂದು ಕೇಳಿದ್ದೀರಿ. ಎಡವಟ್ಟು ಶುರುವಾಗುವುದೇ ಈ ‘ಹೇಳಿಸುವ’ ಆಸೆಯಿಂದ.

ಎರಡನೆಯ ಹೆರಿಗೆಗೆ ಮೂರು ವಾರವಿದ್ದಾಗ ನನ್ನ ಅಮ್ಮ ಒಬ್ಬರೇ ಬಂದರು. ವಿಮಾನ ಇಳಿದು ನಾಲ್ಕು ಗಂಟೆ ಕಳೆದರೂ ಅವರ ಸುಳಿವಿಲ್ಲ. ತುಂಬಿದ ಹೊಟ್ಟೆ ಹೊತ್ತು ನಾನು ಹೊರಗೆ ಕೂರಲೂ ಆಗದೆ ನಿಲ್ಲಲೂ ಆಗದೆ ಕಾಯುತ್ತಿದ್ದೆ. ಏಕೆ ಬಂದಿರಿ ಎಂಬ ಪ್ರಶ್ನೆಗೆ ಅಮ್ಮ ತಮಗೆ ಬರುವ ನಾಲ್ಕು ಇಂಗ್ಲಿಷ್ ಪದಗಳಲ್ಲಿ ‘ಮಗು ನೋಡಿಕೊಳ್ಳಲು’ ಎಂದಿದ್ದರು. ಅವರ ಮನಸ್ಸಿನಲ್ಲಿದ್ದದ್ದು ಬಾಣಂತನ. ಅಧಿಕಾರಿಯ ಕಿವಿಗೆ ಬಿದ್ದದ್ದು ಆಯಾ ಕೆಲಸ. ಪ್ರವಾಸಿ ವೀಸಾದಲ್ಲಿ ದುಡಿಯುವಂತಿಲ್ಲವಲ್ಲ, ಸರಿ, ಎರಡನೆಯ ತಪಾಸಣೆಯ ಕೋಣೆಗೆ ಕಳಿಸಿದರು. ಫೋನ್ ತೆಗೆದುಕೊಂಡರು. ಸಂಬಳ ಎಷ್ಟು ಎಂದು ಕೇಳಿದರಂತೆ. ಹೆತ್ತ ಮಗಳು ಸಂಬಳ ಕೊಡುವುದೇ ಎಂದು ಅಮ್ಮನಿಗೆ ನಗು ಬಂತು. ನಕ್ಕದ್ದೂ ತಪ್ಪಾಯಿತು. ಸಕ್ಕರೆ ಕಾಯಿಲೆಯ ಮಾತ್ರೆ ಬೇರೆ ಚೀಲದಲ್ಲಿ ಉಳಿದಿತ್ತು; ಕೇಳಲು ಹೆದರಿ ಸುಮ್ಮನೆ ಕುಳಿತಿದ್ದರು. ನನಗೆ ಇಂದಿಗೂ ಕ್ಷಮಿಸಲಾಗದ್ದು ಅದೊಂದೇ.

ಕೊನೆಗೆ ಫೋನಿನಲ್ಲಿ ಕನ್ನಡ ದುಭಾಷಿ ಸಿಕ್ಕರು. ‘ಹೆರಿಗೆಯ ಹೊತ್ತಿಗೆ ಮಗಳ ಜೊತೆಗಿರಲು ಬಂದಿದ್ದೇನೆ, ಹಿಂದಿರುಗುವ ಟಿಕೆಟ್ ಇದೆ, ಮನೆಯಲ್ಲಿ ಯಜಮಾನರು ಕಾಯುತ್ತಿದ್ದಾರೆ’ ಎಂದರು ಅಮ್ಮ. ಹತ್ತು ನಿಮಿಷದಲ್ಲಿ ಬಿಟ್ಟರು, ಆರು ತಿಂಗಳ ವಾಸದ ಅನುಮತಿಯೊಂದಿಗೆ.

ಹಾಗಾಗಿ ದುಭಾಷಿ ಬೇಕು ಎಂಬ ಒಂದು ವಾಕ್ಯವನ್ನು ಮಾತ್ರ ಕಲಿಸಿ, ಮೊದಲಿಗೇ ಕೇಳಲು ಹೇಳಿ. ವೀಸಾ ಬಾಗಿಲವರೆಗಷ್ಟೇ ತರುತ್ತದೆ. ಒಳಗೆ ಬಿಡುವುದು ಅಲ್ಲಿರುವ ಅಧಿಕಾರಿಯ ತೀರ್ಮಾನ. ಆ ಕೋಣೆಗೆ ವಕೀಲರನ್ನು ಕರೆಸುವ ಹಕ್ಕು ಪ್ರವಾಸಿಗಿಲ್ಲ. ಅರ್ಥವಾಗದ ಹೇಳಿಕೆಗೆ ಸಹಿ ಹಾಕದಿರಲಿ. ಶೀಘ್ರ ಗಡೀಪಾರಿನ ಆದೇಶವಾದರೆ 5 ವರ್ಷ ಮತ್ತೆ ಬರುವಂತಿಲ್ಲ. ಪ್ರವೇಶದ ಕೋರಿಕೆಯನ್ನು ತಾವೇ ಹಿಂತೆಗೆದುಕೊಳ್ಳಲು ಅಧಿಕಾರಿ ಒಪ್ಪಿದರೆ ವೀಸಾ ಹೋದರೂ ಆ ನಿಷೇಧ ಬೀಳುವುದಿಲ್ಲ.

‘ಊರು ನೋಡಲು ಬಂದೆ ಎನ್ನಿಸಿಬಿಡಿ’ ಎಂದು ನಿಮ್ಮ ಪ್ರಶ್ನೆಗೆ ಕೆಲವರು ಉತ್ತರಿಸಿದ್ದಾರೆ. ಬೇಡ. ಬೇಕೆಂದೇ ಸುಳ್ಳು ಹೇಳಿದ್ದು ಸಾಬೀತಾದರೆ ಜೀವಮಾನವಿಡೀ ಅಡ್ಡಿ, ವಿಶೇಷ ವಿನಾಯಿತಿ ಸಿಕ್ಕರೆ ಮಾತ್ರ ಬಿಡುಗಡೆ. ಸಾಕ್ಷಿ ಹುಡುಕಲು ಅವರು ದೂರ ಹೋಗಬೇಕಿಲ್ಲ, ಕೈಯಲ್ಲಿರುವ ಫೋನೇ ಸಾಕು.

ಅಮ್ಮನ ಫೋನಿನಲ್ಲಿ ನಾನು ಕಳಿಸಿದ್ದ ಸಂದೇಶವೊಂದಿತ್ತು: ‘ಡೇಕೇರ್‌ಗೆ ಹಾಕುವಷ್ಟು ದುಡ್ಡಿಲ್ಲ ಅಮ್ಮಾ, ಮೊದಲ ಆರು ತಿಂಗಳು ನೀನು, ಆಮೇಲೆ ಅತ್ತೆಯವರು.’ ಅಧಿಕಾರಿಗೆ ಕನ್ನಡ ಓದಲು ಬರುತ್ತಿರಲಿಲ್ಲ.