ಸೆಲ್ಫ್ ಹೊಡೆಯುತ್ತಿಲ್ಲ, "ಟಿಕ್" ಮಾತ್ರ. ಬ್ಯಾಟರಿ ಹೊಸದು, ಮೋಟಾರ್ ಹೊಸದು, ತಲೆ ಮಾತ್ರ ಕೆಟ್ಟಿದೆ

ಬಿಳಿಕಾರು:
ಎರಡು ವಾರದಿಂದ ಇದೇ ಗೋಳು. ಬೆಳಿಗ್ಗೆ ಕೀ ತಿರುಗಿಸಿದರೆ ಟಿಕ್ ಅಂತ ಒಂದು ಸದ್ದು, ಅಷ್ಟೇ. ಸೆಲ್ಫ್ ಹೊಡೆಯುವುದೇ ಇಲ್ಲ. ಡ್ಯಾಶ್‌ಬೋರ್ಡ್ ದೀಪಗಳೆಲ್ಲ ಝಗಝಗ ಉರಿಯುತ್ತವೆ, ರೇಡಿಯೋ ಹಾಡುತ್ತದೆ. ಹನ್ನೊಂದು ಗಂಟೆ ಹೊತ್ತಿಗೆ ಹೋಗಿ ತಿರುಗಿಸಿದರೆ ಏನೂ ಆಗೇ ಇಲ್ಲ ಅನ್ನೋ ಹಾಗೆ ಸ್ಟಾರ್ಟ್! ಬ್ಯಾಟರಿ ಬದಲಾಯಿಸಿದೆ. ಸೆಲ್ಫ್ ಮೋಟಾರ್ ಬದಲಾಯಿಸಿದೆ. ದುಡ್ಡು ಹೋಯಿತು, ಟಿಕ್ ಹೋಗಲಿಲ್ಲ. "ಮೆಕ್ಯಾನಿಕ್ ಹತ್ತಿರ ಹೋಗಿ" ಅಂತ ಮಾತ್ರ ಹೇಳಬೇಡಿ. ಇಬ್ಬರ ಹತ್ತಿರ ಹೋಗಿ ಬಂದಿದ್ದೇನೆ.

ಹಳೇಮೀಟರ್:
ಅರ್ಥಿಂಗ್. ಕಣ್ಣು ಮುಚ್ಚಿಕೊಂಡು ಹೇಳುತ್ತೇನೆ, ಬ್ಯಾಟರಿ ಮೈನಸ್ಸನ್ನು ಇಂಜಿನ್ನಿಗೆ ಸೇರಿಸುವ ಅರ್ಥಿಂಗ್. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್‌ಗೆ, ಇನ್ನೊಂದು ಇಂಜಿನ್ ಬ್ಲಾಕಿಗೆ ಹಿಡಿಯಿರಿ. ಇನ್ನೊಬ್ಬರು ಕೀಯನ್ನು ಸ್ಟಾರ್ಟ್‌ನಲ್ಲಿ ಹಿಡಿದಿರಲಿ. ಅರ್ಧ ವೋಲ್ಟ್‌ಗಿಂತ ಜಾಸ್ತಿ ತೋರಿಸಿದರೆ ಅಲ್ಲೇ ಕಳ್ಳ.

ಸ್ಪ್ಯಾನರ್_12:
ಯಾವ ಕಾರು, ಗೇರ್ ಆಟೋಮ್ಯಾಟಿಕ್ಕೋ ಮ್ಯಾನುಯಲ್ಲೋ, ಟಿಕ್ ಎಲ್ಲಿಂದ ಬರುತ್ತದೆ, ಒಂದನ್ನೂ ಹೇಳಿಲ್ಲವಲ್ಲ ಸರ್.

ಬಿಳಿಕಾರು:
ಹಳೇ ಕಾರು, ಆಟೋಮ್ಯಾಟಿಕ್. ನ್ಯೂಟ್ರಲ್‌ನಲ್ಲೂ ಪ್ರಯತ್ನಿಸಿದೆ, ಅದೇ ಕಥೆ. ಟಿಕ್ ಇಂಜಿನ್ ಕಡೆಯಿಂದ. ಅರ್ಥ್ ಪಟ್ಟಿ ಬಿಚ್ಚಿ, ಉಜ್ಜಿ, ಬಿಗಿದೆ. ಮೀಟರ್ ಸೊನ್ನೆ ಅನ್ನುತ್ತದೆ.

ಹಳೇಮೀಟರ್:
ಸರಿಯಾಗಿ ಉಜ್ಜಿಲ್ಲ. ಬಣ್ಣ ಹೋಗಿ ಬರೀ ಲೋಹ ಕಾಣಬೇಕು. ಅಥವಾ ಪಟ್ಟಿಯೇ ಒಳಗೆ ಕೊಳೆತಿರುತ್ತದೆ. ಹೊಸದು ಹಾಕಿ.

ರಿಲೇರಾಜ:
ಮೋಟಾರಿಗೆ ಕರೆಂಟೇ ಹೋಗದಿದ್ದರೆ ಅರ್ಥ್‌ನಲ್ಲಿ ಹೆಚ್ಚು ಕರೆಂಟ್ ಹರಿಯುವುದಿಲ್ಲ. ಕರೆಂಟ್ ಇಲ್ಲದಿದ್ದರೆ ವೋಲ್ಟೇಜ್ ಬೀಳುವುದೂ ಇಲ್ಲ. ಪಟ್ಟಿ ಕೊಳೆತಿದ್ದರೂ ನಿಮ್ಮ ಮೀಟರ್ ಸೊನ್ನೆಯನ್ನೇ ತೋರಿಸೀತು. ಈ ಟೆಸ್ಟ್ ಇಲ್ಲಿ ಏನನ್ನೂ ಹೇಳುವುದಿಲ್ಲ.

ಹಳೇಮೀಟರ್:
ಇಪ್ಪತ್ತು ವರ್ಷದಿಂದ ಇದೇ ಟೆಸ್ಟ್ ಮಾಡಿಕೊಂಡು ಬಂದಿದ್ದೇನೆ.

ರಿಲೇರಾಜ:
ತಪ್ಪನ್ನೂ ಇಪ್ಪತ್ತು ವರ್ಷ ಮಾಡಬಹುದು ಸರ್.

ಹಳೇಮೀಟರ್:
ಹಾಗಾದರೆ ಜಂಪರ್ ಕೇಬಲ್ಲಿನಿಂದ ಬ್ಯಾಟರಿ ಮೈನಸ್ಸನ್ನು ನೇರವಾಗಿ ಇಂಜಿನ್ನಿಗೆ ಕೊಟ್ಟು ನೋಡಲಿ. ಅದರಲ್ಲಿ ತಪ್ಪೇನಿದೆ ಹೇಳಿ.

ಬಿಳಿಕಾರು:
ಕೇಬಲ್ ಕೊಟ್ಟು ನೋಡಿದೆ. ಟಿಕ್. ದಯವಿಟ್ಟು ಅರ್ಥ್ ಬಿಡಿ. ಅಂದ ಹಾಗೆ, ಸ್ಟೀರಿಂಗ್ ಕೆಳಗಿನ ಪೆಟ್ಟಿಗೆಯ ದೀಪ ಮೊದಲು ಯಾವಾಗಲೋ ಒಮ್ಮೆ ಮಿನುಗುತ್ತಿತ್ತು. ಈಗ ರಾತ್ರಿಯಿಡೀ ಮಿನುಗುತ್ತದೆ. ಅದಕ್ಕೂ ಇದಕ್ಕೂ ಸಂಬಂಧ ಇರಲಾರದು, ಆದರೂ ಹೇಳಿದೆ.

ಸ್ಪ್ಯಾನರ್_12:
ಯಾವ ಪೆಟ್ಟಿಗೆ???

ಬಿಳಿಕಾರು:
ಸಾಲ ಕೊಟ್ಟವರು ಹಾಕಿಸಿದ್ದು. ಕಂತು ತಡವಾದರೆ ಅವರು ಕೂತಲ್ಲಿಂದಲೇ ಕಾರು ಸ್ಟಾರ್ಟ್ ಆಗದ ಹಾಗೆ ಮಾಡುತ್ತಾರಲ್ಲ, ಅದು. ಸಾಲ ತೀರಿ ಎಂಟು ತಿಂಗಳಾಯಿತು. ಚುಕ್ತಾ ಪತ್ರ ಕೈಯಲ್ಲಿದೆ. ಪೆಟ್ಟಿಗೆ ಹಾಗೇ ಉಳಿದಿದೆ.

ರಿಲೇರಾಜ:
ಅಯ್ಯೋ ಸ್ವಾಮಿ. ಇದನ್ನು ಮೊದಲ ಸಾಲಿನಲ್ಲೇ ಹೇಳಬೇಕಿತ್ತು ಅಲ್ವಾ?

ಆ ಪೆಟ್ಟಿಗೆಯೊಳಗೆ ಜಿಪಿಎಸ್ ಇರುತ್ತದೆ, ಸಿಮ್ ಹಾಕಿದ ಮೋಡೆಮ್ ಇರುತ್ತದೆ. ಅದರಿಂದ ಒಂದು ತಂತಿ ಹೊರಗಿನ ರಿಲೇಗೆ, ಅಂದರೆ ಕರೆಂಟಿನಿಂದ ನಡೆಯುವ ಸ್ವಿಚ್ಚಿಗೆ, ಹೋಗುತ್ತದೆ. ಹಾಕುವವರು ಇಗ್ನಿಷನ್ ಸ್ವಿಚ್ಚಿನಿಂದ ಸೆಲ್ಫ್‌ಗೆ ಹೋಗುವ ತಂತಿಯನ್ನು ಕತ್ತರಿಸಿ, ಒಂದು ತುದಿಯನ್ನು ರಿಲೇಯ 30 ನಂಬರಿನ ಪಿನ್ನಿಗೆ, ಇನ್ನೊಂದನ್ನು 87ಎ ಪಿನ್ನಿಗೆ ಕೊಡುತ್ತಾರೆ. ಸುಮ್ನೆ ಇರುವಾಗ ಈ ಎರಡೂ ಕೂಡಿಕೊಂಡೇ ಇರುತ್ತವೆ. "ನಿಲ್ಲಿಸು" ಅಂತ ಆದೇಶ ಬಂದಾಗ ಮಾತ್ರ ಪೆಟ್ಟಿಗೆ ರಿಲೇಯ ಕಾಯಿಲ್‌ಗೆ ಕರೆಂಟ್ ಕೊಟ್ಟು ಇವನ್ನು ಬಿಡಿಸುತ್ತದೆ. ಆದ್ದರಿಂದ ಸರಿಯಾಗಿ ಜೋಡಿಸಿದ್ದರೆ ಪೆಟ್ಟಿಗೆ ಸತ್ತರೂ ಕಾರು ಸ್ಟಾರ್ಟ್ ಆಗಬೇಕು. 87ಎ ಬದಲು 87ಕ್ಕೆ ಕೊಟ್ಟಿದ್ದರೆ ಉಲ್ಟಾ, ಪೆಟ್ಟಿಗೆ ಸತ್ತ ದಿನ ಕಾರೂ ಸತ್ತ ಹಾಗೆ. ಓಡುತ್ತಿರುವ ಕಾರನ್ನು ಇದು ನಿಲ್ಲಿಸುವುದಿಲ್ಲ, ಮುಂದಿನ ಸ್ಟಾರ್ಟನ್ನು ಮಾತ್ರ ತಡೆಯುತ್ತದೆ. ಇಂಧನ ಪಂಪಿಗೆ ಜೋಡಿಸುವ ಪುಣ್ಯಾತ್ಮರೂ ಇದ್ದಾರೆ, ಅದು ಅಪಾಯ.

ಚುಕ್ಕಿತಾರೆ:
ಹಾಗಾದರೆ ಮುಗಿಯಿತು. ಸಾಲದವರೇ ಆಫ್ ಮಾಡುತ್ತಿದ್ದಾರೆ. ಅವರ ಕಂಪ್ಯೂಟರಿನಲ್ಲಿ ನಿಮ್ಮ ಖಾತೆ ಇನ್ನೂ ಬಾಕಿ ಅಂತ ತೋರಿಸುತ್ತಿರಬೇಕು. 2010ರಲ್ಲಿ ಟೆಕ್ಸಸ್‌ನ ಆಸ್ಟಿನ್‌ನಲ್ಲಿ ನಡೆದದ್ದು ಗೊತ್ತಿದೆಯಲ್ಲ? ಕಾರು ಡೀಲರ್ ಒಬ್ಬರ ಹತ್ತಿರ ಕೆಲಸ ಕಳೆದುಕೊಂಡ ಒಬ್ಬ ಹಳೇ ನೌಕರ ಸಹೋದ್ಯೋಗಿಯ ಪಾಸ್‌ವರ್ಡ್ ಬಳಸಿ ನೂರಕ್ಕೂ ಹೆಚ್ಚು ಗಿರಾಕಿಗಳ ಕಾರುಗಳನ್ನು ನಿಲ್ಲಿಸಿಬಿಟ್ಟ. ಕೆಲವು ಕಾರುಗಳ ಹಾರ್ನ್ ತಾನಾಗಿಯೇ ಬಡಿದುಕೊಳ್ಳುತ್ತಿತ್ತು. ಡೀಲರ್ ಮೊದಲು ಕಾರುಗಳೇ ಕೆಟ್ಟಿವೆ ಅಂದುಕೊಂಡರು. ಪಾಸ್‌ವರ್ಡ್‌ಗಳನ್ನೆಲ್ಲ ಬದಲಾಯಿಸಿದ ಮೇಲೇ ಕಾಟ ನಿಂತದ್ದು.

ಸ್ಪ್ಯಾನರ್_12:
ಮೇಡಂ, ಇವರ ಕಾರು ದಿನಾ ಹನ್ನೊಂದಕ್ಕೆ ಸ್ಟಾರ್ಟ್ ಆಗುತ್ತದೆ. ಹನ್ನೊಂದಕ್ಕೆ ಸಾಲ ಮನ್ನಾ, ಬೆಳಿಗ್ಗೆ ಮತ್ತೆ ಬಾಕಿ, ಹೀಗೂ ಉಂಟೇ?

ಚುಕ್ಕಿತಾರೆ:
ಯಾಕಿರಬಾರದು? ಸಿಗ್ನಲ್ ಬಂದಾಗ ಒಂದು ಆದೇಶ, ಹೋದಾಗ ಇನ್ನೊಂದು.

ರಿಲೇರಾಜ:
ಸಿಗ್ನಲ್ ಹೋದರೆ ಸಾಮಾನ್ಯವಾಗಿ ಕೊನೆಯ ಆದೇಶವೇ ನಿಲ್ಲುತ್ತದೆ. ಕೀಪ್ಯಾಡ್ ಇದ್ದ ಹಳೇ ಮಾದರಿಗಳ ಮಾತು ಬೇರೆ. ಅವಕ್ಕೆ ವೈರ್‌ಲೆಸ್ಸೇ ಇರಲಿಲ್ಲ. ಪ್ರತಿ ಕಂತು ಕಟ್ಟಿದಾಗ ಹೊಸ ಕೋಡ್ ಕೊಡುತ್ತಿದ್ದರು, ಒತ್ತದಿದ್ದರೆ ಗಡುವು ಮುಗಿದು ತಾನೇ ಬೀಗ ಹಾಕಿಕೊಳ್ಳುತ್ತಿತ್ತು.

ಅದಿರಲಿ, ಬಿಳಿಕಾರು ಅವರೇ, ನೀವು ಯಾವ ದೇಶದಲ್ಲಿದ್ದೀರಿ?

ಬಿಳಿಕಾರು:
ಅಮೆರಿಕ. ಅದು ಮುಖ್ಯವೇ?

ರಿಲೇರಾಜ:
ತುಂಬಾ ಮುಖ್ಯ. ಪೆಟ್ಟಿಗೆ 3ಜಿಯದ್ದಾದರೆ ಅಲ್ಲಿ ಅದಕ್ಕೆ ಮಾತಾಡಲು ಟವರೇ ಇಲ್ಲ. ಅಲ್ಲಿನ ಮೊಬೈಲ್ ಕಂಪನಿ ಎಟಿ ಅಂಡ್ ಟಿ 2022ರ ಫೆಬ್ರವರಿಯಲ್ಲಿ 3ಜಿ ನಿಲ್ಲಿಸಿತು, ವೆರಿಝಾನ್ ಅದೇ ವರ್ಷದ ಡಿಸೆಂಬರ್ ಕೊನೆಗೆ.

ಟವರ್‌ಪ್ರಿಯ:
ಹಾಗೆಲ್ಲ ಸಾರಾಸಗಟಾಗಿ ಹೇಳಬೇಡಿ. ಟಿ ಮೊಬೈಲ್‌ನ 2ಜಿ ಅದಾದ ಮೇಲೂ ಇತ್ತು. ಪೆಟ್ಟಿಗೆಯ ಮೋಡೆಮ್ ಯಾವುದು ಅಂತ ನೋಡದೆ ಹೇಗೆ ಹೇಳುತ್ತೀರಿ?

ರಿಲೇರಾಜ:
"ಆದರೆ" ಅಂದಿದ್ದೇನೆ. ಓದಿ.

ಟವರ್‌ಪ್ರಿಯ:
ಓದಿದೆ. ಎಟಿ ಅಂಡ್ ಟಿ 2ಜಿ ನಿಲ್ಲಿಸಿದ್ದು 2016ರ ಕೊನೆಗೆ, ಅದನ್ನೂ ಸೇರಿಸಿ ಹೇಳಬೇಕಿತ್ತು.

ಸ್ಪ್ಯಾನರ್_12:
ಟವರ್ ಜಗಳ ಬೇರೆ ಕಡೆ ಮಾಡಿಕೊಳ್ಳಿ. ಬಿಳಿಕಾರು ಸರ್, ಗಮನಿಸಿ: ಟವರ್ ಸಿಗದ ಮೋಡೆಮ್ ಸುಮ್ಮನೆ ಮಲಗುವುದಿಲ್ಲ, ಪದೇ ಪದೇ ಹುಡುಕುತ್ತದೆ. ರಾತ್ರಿಯಿಡೀ ದೀಪ ಮಿನುಗುವುದು ಅದಕ್ಕೇ ಇರಬಹುದು. ಬ್ಯಾಟರಿ ಹೀರಿ ಹಾಕುತ್ತದೆ. ಕಾರು ನಿಲ್ಲಿಸಿ, ಬಾಗಿಲು ಹಾಕಿ, ಒಂದು ಗಂಟೆ ಬಿಟ್ಟು ಬ್ಯಾಟರಿಯಿಂದ ಹರಿಯುವ ಕರೆಂಟ್ ಅಳೆಯಿರಿ. 50 ಮಿಲಿಆಂಪಿಯರ್‌ಗಿಂತ ಕೆಳಗಿರಬೇಕು.

ನಾಲ್ಕುಕ್ಯಾಮೆರಾ:
ಇದಕ್ಕೇ ನಾನು ನನ್ನ ಗಾಡಿಗೆ ಎರಡು ಬ್ಯಾಟರಿ ಹಾಕಿದ್ದು. ಒಂದು ಇಂಜಿನ್ನಿಗೆ, ಇನ್ನೊಂದು ಲಿಥಿಯಂ, ಕ್ಯಾಮೆರಾ ಮತ್ತು ಟ್ರ್ಯಾಕರ್‌ಗೆ. ಮಧ್ಯೆ ಡಿಸಿ ಚಾರ್ಜರ್. ಮುಂದೆ ಒಂದು, ಹಿಂದೆ ಒಂದು, ಪಕ್ಕಕ್ಕೆ ಎರಡು ಕ್ಯಾಮೆರಾ. ಹದಿನೈದು ದಿನ ನಿಲ್ಲಿಸಿದರೂ ಮೊದಲ ಕೀಗೇ ಸ್ಟಾರ್ಟ್. ತಂತಿ ಎಲ್ಲ ನಾನೇ ಎಳೆದದ್ದು, ಪ್ರತಿ ಜಾಯಿಂಟಿಗೂ ಸೋಲ್ಡರ್, ಮೇಲೆ ಹೀಟ್ ಶ್ರಿಂಕ್. ಫೋಟೋ ಬೇಕಾದರೆ ಹಾಕುತ್ತೇನೆ.

ಸ್ಪ್ಯಾನರ್_12:
ಬೇಡ.

ನಾಲ್ಕುಕ್ಯಾಮೆರಾ:
ಸರಿ, ಕೇಳಿದವರಿಗೆ ಹಾಕುತ್ತೇನೆ.

ನಿಯಮವಾದಿ:
ಒಂದು ಮಾತು. ಇಂಥ ಪೆಟ್ಟಿಗೆ ಬಿಚ್ಚುವ ದಾರಿಯನ್ನು ಇಲ್ಲಿ ಹೇಳುವುದು ಸರಿಯಲ್ಲ. ಸಾಲ ಬಾಕಿ ಇರುವವರೂ ಓದುತ್ತಾರೆ. ಅವರು ಬಿಚ್ಚಿದರೆ ಕರಾರು ಮುರಿದ ಹಾಗೆ, ಕಾರನ್ನೇ ಎತ್ತಿಕೊಂಡು ಹೋಗುತ್ತಾರೆ.

ಚುಕ್ಕಿತಾರೆ:
ಕರಾರು ಎರಡೂ ಕಡೆಗೆ ಇರುತ್ತದೆ ಸರ್. ಕ್ಯಾಲಿಫೋರ್ನಿಯಾದಲ್ಲಿ, ತಾವೇ ಕಾರು ಮಾರಿ ತಾವೇ ಸಾಲ ಕೊಡುವ ಡೀಲರ್‌ಗಳು ಪೆಟ್ಟಿಗೆ ಇದೆ ಅಂತ ಮೊದಲೇ ಬರಹದಲ್ಲಿ ತಿಳಿಸಬೇಕು. ಆಫ್ ಮಾಡುವ ಮುಂಚೆ 48 ಗಂಟೆ ಮೊದಲು ಎಚ್ಚರಿಸಬೇಕು. ಆಫ್ ಮಾಡಿದ ಮೇಲೂ ತುರ್ತಿಗೆ ಕನಿಷ್ಠ 24 ಗಂಟೆ ಓಡಿಸಿಕೊಳ್ಳಲು ಬಿಡಬೇಕು. ಆಸ್ಪತ್ರೆಗೆ ಹೊರಟವರ ಕಾರು ಬಾಗಿಲಲ್ಲೇ ನಿಂತರೆ ಏನು ಗತಿ? 2014ರಲ್ಲೇ ಅಮೆರಿಕದಲ್ಲಿ ಇಂಥ ಪೆಟ್ಟಿಗೆ ಸುಮಾರು 20 ಲಕ್ಷ ಗಾಡಿಗಳಲ್ಲಿದೆ ಅಂತ ಪತ್ರಿಕೆಯಲ್ಲಿ ಬಂದಿತ್ತು.

ನಿಯಮವಾದಿ:
ನಾನು ಸಾಲದವರ ಪರ ಮಾತಾಡುತ್ತಿಲ್ಲ.

ಬಿಳಿಕಾರು:
ನನ್ನ ಸಾಲ ತೀರಿದೆ! ಇದನ್ನು ಎಷ್ಟು ಸಲ ಹೇಳಲಿ? ಇವತ್ತು ಅವರಿಗೆ ಫೋನ್ ಮಾಡಿದೆ. ನಲವತ್ತು ನಿಮಿಷ ಸಂಗೀತ ಕೇಳಿಸಿದರು. ಕೊನೆಗೆ ಬಂದ ಉತ್ತರ: "ನಿಮ್ಮ ಖಾತೆ ಮುಚ್ಚಿದೆ, ಆದ್ದರಿಂದ ಪೆಟ್ಟಿಗೆ ತೆಗೆಸುವ ಅರ್ಜಿಯನ್ನು ದಾಖಲಿಸಲು ಆಗುವುದಿಲ್ಲ." ಸಾಲ ಇದ್ದಾಗ ತೆಗೆಯುವ ಹಾಗಿಲ್ಲ, ಸಾಲ ತೀರಿದಾಗ ತೆಗೆಯುವವರಿಲ್ಲ.

ರಿಲೇರಾಜ:
ಅರ್ಜಿ ಅತ್ತ ಇರಲಿ, ಮೊದಲು ಅಳೆಯೋಣ. ಬೆಳಿಗ್ಗೆ ಟಿಕ್ ಅನ್ನುವ ಹೊತ್ತಿಗೇ ಅಳೆಯಬೇಕು, ಹನ್ನೊಂದಕ್ಕಲ್ಲ. ಗೇರ್ ಪಾರ್ಕ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಎಳೆದಿರಿ. ಯಾರಾದರೂ ಕೀ ಹಿಡಿದಿರಲಿ. ಮೀಟರಿನ ಕಪ್ಪು ಕಡ್ಡಿ ಅರ್ಥ್‌ಗೆ. ಕೆಂಪು ಕಡ್ಡಿಯನ್ನು ಮೊದಲು 30ಕ್ಕೆ, ಆಮೇಲೆ 87ಎಗೆ, ಕೊನೆಗೆ ಸೆಲ್ಫ್ ಕಡೆಗೆ ಹೋಗುವ ತಂತಿಗೆ, ಜಾಯಿಂಟಿನ ಮೇಲೆ ಸುತ್ತಿದ ಟೇಪ್ ದಾಟಿದ ಮೇಲೆ. ಮೂರು ಅಂಕಿ ಬರೆದು ಕಳಿಸಿ. ಏರ್‌ಬ್ಯಾಗ್‌ನ ಹಳದಿ ತಂತಿಗಳನ್ನು ಮುಟ್ಟಬೇಡಿ.

ಹಳೇಮೀಟರ್:
ನಾನು ಮೊದಲು ಹೇಳಿದ ಟೆಸ್ಟೇ ಇದು. ತಂತಿ ಮಾತ್ರ ಬೇರೆ.

ಬಿಳಿಕಾರು (ಮೂರು ದಿನ ಬಿಟ್ಟು):
30ರಲ್ಲಿ 11.8 ವೋಲ್ಟ್. 87ಎಯಲ್ಲಿ 11.7. ಟೇಪ್ ದಾಟಿದ ಮೇಲೆ 5.9.

ರಿಲೇರಾಜ:
ಸಿಕ್ಕಿತು. ರಿಲೇ ಚೆನ್ನಾಗಿದೆ, ಪೆಟ್ಟಿಗೆ ಯಾರನ್ನೂ ತಡೆಯುತ್ತಿಲ್ಲ. ಟೇಪ್ ದಾಟುವಷ್ಟರಲ್ಲಿ ಅರ್ಧ ವೋಲ್ಟೇಜ್ ಹೋಗಿದೆ, ಅದರ ಒಳಗೆ ನೋಡಿ.

ಬಿಳಿಕಾರು:
ನೋಡಿದೆ. ಎರಡು ತಂತಿಗಳನ್ನು ಕೈಯಲ್ಲಿ ತಿರುಚಿ ಇನ್ಸುಲೇಶನ್ ಟೇಪ್ ಸುತ್ತಿದ್ದಾರೆ. ಸೋಲ್ಡರ್ ಇಲ್ಲ, ಕ್ರಿಂಪ್ ಇಲ್ಲ. ಟೇಪಿನ ಅಂಟು ಕರಗಿ ಜಾಯಿಂಟಿಗೆ ಇಳಿದಿದೆ. ತಾಮ್ರ ಹಸಿರುಗಟ್ಟಿದೆ, ಒಂದು ಕಡೆ ಸುಟ್ಟು ಕಪ್ಪಾಗಿದೆ. ಬೆಳಿಗ್ಗೆ ಚಳಿಗೆ ಸಡಿಲ, ಬಿಸಿಲೇರಿದ ಮೇಲೆ ಬಿಗಿ. ಇದಕ್ಕೆ ಸೆಲ್ಫ್ ಮೋಟಾರ್ ಬದಲಾಯಿಸಿದೆ ನಾನು.

ನಾಲ್ಕುಕ್ಯಾಮೆರಾ:
ಪ್ರತಿ ಜಾಯಿಂಟಿಗೂ ಸೋಲ್ಡರ್ ಅಂತ ಹೇಳಿರಲಿಲ್ಲವೇ?

ಸ್ಪ್ಯಾನರ್_12:
ನಿಮ್ಮ ಗಾಡಿಯದ್ದು ಹೇಳಿದಿರಿ ಸರ್.

ಬಿಳಿಕಾರು (ಮರುವಾರ):
ರಿಲೇ ತೆಗೆದು ಎರಡು ತುದಿಯನ್ನೂ ಮೊದಲಿನ ಹಾಗೆ ಸೇರಿಸಿ ಸೋಲ್ಡರ್ ಮಾಡಿಸಿದೆ. ಐದು ಬೆಳಿಗ್ಗೆ, ಐದೂ ಸಲ ಮೊದಲ ಕೀಗೇ ಸ್ಟಾರ್ಟ್. ಸ್ಪ್ಯಾನರ್ ಅವರು ಹೇಳಿದ ಹಾಗೆ ಕರೆಂಟ್ ಕೂಡ ಅಳೆದೆ. ಪೆಟ್ಟಿಗೆ ಇದ್ದಾಗ 110 ಮಿಲಿಆಂಪಿಯರ್, ಪೆಟ್ಟಿಗೆಯ ಫ್ಯೂಸ್ ಕಿತ್ತ ಮೇಲೆ 24. ಹಳೇ ಬ್ಯಾಟರಿಯನ್ನೂ ಅದೇ ತಿಂದಿರಬೇಕು. ಬಿಚ್ಚಿ ಮನೆಗೆ ತಂದು ಮೇಜಿನ ಮೇಲೆ ಇಟ್ಟಿದ್ದೇನೆ. ಯಾವ ತಂತಿಯೂ ಇಲ್ಲ, ಆದರೂ ದೀಪ ಮಿನುಗುತ್ತಿದೆ! ಒಳಗೂ ಬ್ಯಾಟರಿ ಇರುತ್ತದೆಯೇ?

ರಿಲೇರಾಜ:
ಕೆಲವದರಲ್ಲಿ ಇರುತ್ತದೆ. ಯಾರಾದರೂ ತಂತಿ ಕಿತ್ತರೆ ಸುದ್ದಿ ಕಳಿಸಲಿ ಅಂತ.

ಬಿಳಿಕಾರು:
ಯಾರಿಗೆ?